ತೊಂಬತ್ತೊಂದು ಅಂಕ ಮತ್ತು ಅತ್ತೆಯ ದೂರುಗಳು

ಕಚೇರಿಯಲ್ಲಿ ನನ್ನನ್ನು ಎದುರಿಗೆ ಸಾರ್ ಎನ್ನುತ್ತಾರೆ, ಬೆನ್ನ ಹಿಂದೆ ಶೇಕಡಾ ಎನ್ನುತ್ತಾರೆ. ಬಹಳ ದಿನ ಅದನ್ನು ಗೌರವದ ಹೆಸರೆಂದೇ ತಿಳಿದಿದ್ದೆ. ಒಮ್ಮೆಯಂತೂ ಫೋನೆತ್ತಿ ನಾನೇ "ಶೇಕಡಾ ಮಾತಾಡ್ತಿದೀನಿ" ಎಂದುಬಿಟ್ಟೆ. ಆ ತುದಿಯಲ್ಲಿದ್ದವರು ನಕ್ಕರು. ಅವರಿಗೆ ನನ್ನ ಮೇಲೆ ಪ್ರೀತಿ ಇದೆ ಎಂದುಕೊಂಡೆ.

ಊರಂಚಿನ ಜೌಗು ನೆಲವನ್ನು ಕಾಪಾಡುವುದು ನಮ್ಮ ಕಚೇರಿಯ ಕೆಲಸ. ಕಾಪಾಡುತ್ತಿದ್ದೇವೋ ಇಲ್ಲವೋ ಎಂದು ಅಳೆಯುವುದು ನನ್ನ ಕೆಲಸ. ಅಳೆಯುವವನು ಜೌಗಿಗೆ ಇಳಿಯಲೇಬೇಕೆಂದೇನೂ ಇಲ್ಲವಲ್ಲ. ಐದು ವರ್ಷಗಳಲ್ಲಿ ನನ್ನ ಬೂಟಿಗೆ ಕೆಸರು ಮೆತ್ತಿದ್ದು ಎರಡೇ ಸಲ, ಅದರಲ್ಲಿ ಒಂದು ಸಲ ಕಚೇರಿಯ ಪಾರ್ಕಿಂಗ್ ಜಾಗದಲ್ಲಿ. ನಾನು ಕೂರುವುದು ಎರಡನೇ ಮಹಡಿಯ ಮೂಲೆಯ ಕೋಣೆಯಲ್ಲಿ. ಕಿಟಕಿಯಿಂದ ಜೌಗು ಚೆನ್ನಾಗಿ ಕಾಣುತ್ತದೆ, ಆದರೆ ಕಂಪ್ಯೂಟರ್ ಮೇಲೆ ಬಿಸಿಲು ಬೀಳುತ್ತದೆಂದು ಕಿಟಕಿಯ ಪರದೆ ಎಳೆದೇ ಇಟ್ಟಿದ್ದೆ.

ಜೌಗಿನ ಆರೋಗ್ಯ ಅಳೆಯಲು ನೂರು ಅಂಕದ ಪಟ್ಟಿಯೊಂದನ್ನು ಮಾಡಿದವನು ನಾನೇ. ನೆಟ್ಟ ಸಸಿಗಳಿಗೆ ಇಷ್ಟು, ಕಲ್ಲು ಕಟ್ಟಿ ಭದ್ರ ಮಾಡಿದ ದಡದ ಉದ್ದಕ್ಕೆ ಇಷ್ಟು, ಕಿತ್ತು ಹಾಕಿದ ಕಳೆಗೆ ಲೋಡಿನ ಲೆಕ್ಕದಲ್ಲಿ ಇಷ್ಟು, ದಡದ ದೀಪದ ಕಂಬಗಳಿಗೆ ಇಷ್ಟು, ಶಾಲಾ ಮಕ್ಕಳ ಭೇಟಿಗೆ ಇಷ್ಟು. ಜನರಿಂದ ದೂರು ಬಾರದಿದ್ದರೆ 'ಸಾರ್ವಜನಿಕ ಸೌಹಾರ್ದ' ಎಂಬ ತಲೆಬರಹದಡಿ ಪೂರ್ತಿ ಹತ್ತು. ಮೊದಲ ವರ್ಷ ಮೂವತ್ತೆಂಟು ಅಂಕ ಬಂದಿತ್ತು. ಆಮೇಲೆ ಐವತ್ತನಾಲ್ಕು, ಎಪ್ಪತ್ತು, ಎಂಬತ್ತೆರಡು. ಈ ವರ್ಷ ತೊಂಬತ್ತೊಂದು. ಗೇಟಿನ ಪಕ್ಕದ ಬೋರ್ಡಿನಲ್ಲಿ ಆ ಸಂಖ್ಯೆಯನ್ನು ಆಳೆತ್ತರಕ್ಕೆ ಬರೆಸಿದ್ದೆವು. ಸಂಜೆ ಮನೆಗೆ ಹೋಗುವಾಗ ಸುಮ್ಮನೆ ಆ ಕಡೆಯಿಂದಲೇ ಸುತ್ತಿಕೊಂಡು ಹೋಗುತ್ತಿದ್ದೆ.

ಇದೇ ಉತ್ಸಾಹದಲ್ಲಿ ಮನೆಯ ಫ್ರಿಜ್ಜಿನ ಮೇಲೂ ಒಂದು ಪಟ್ಟಿ ಅಂಟಿಸಿದ್ದುಂಟು. ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುವ ನನ್ನ ಹೆಂಡತಿ ಅದನ್ನು ಒಂದು ವಾರ ಸಹಿಸಿಕೊಂಡಳು. 'ಮಾತುಕತೆ' ಎಂಬಲ್ಲಿ ಅವಳಿಗೆ ಹತ್ತಕ್ಕೆ ಆರು ಕೊಟ್ಟ ದಿನ ಕಿತ್ತು ಕಸದ ಬುಟ್ಟಿಗೆ ಹಾಕಿದಳು. ಆಮೇಲೆ ಮೂರು ದಿನ ಮಾತುಕತೆಗೆ ಸೊನ್ನೆ ಕೊಡಬೇಕಾಗಿತ್ತು, ಆದರೆ ಬರೆಯಲು ಪಟ್ಟಿಯೇ ಇರಲಿಲ್ಲ.

ಗೇಟಿನ ಬಳಿ ಇನ್ನೊಂದು ಹಳೆಯ ಬೋರ್ಡೂ ಇದೆ. ನಮ್ಮ ಕಚೇರಿ ಶುರುವಾದಾಗ ಹಾಕಿದ್ದು. 'ಈ ಜೌಗಿನ ಕಪ್ಪೆಗಳನ್ನು ಉಳಿಸುವುದೇ ನಮ್ಮ ಗುರಿ' ಎಂದು ಅದರಲ್ಲಿದೆ. ಈಗ ಯಾರಾದರೂ ಕೇಳಬಹುದು, ಮಹರಾಯ, ನಿನ್ನ ಪಟ್ಟಿಯಲ್ಲಿ ಕಪ್ಪೆ ಎಲ್ಲಿ ಎಂದು. ಐದು ವರ್ಷ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಮೊದಲ ವರ್ಷ ಕಪ್ಪೆಗೊಂದು ಕಾಲಂ ಇದ್ದದ್ದು ನಿಜ. ಅದನ್ನು ತುಂಬಬೇಕಾಗಿದ್ದವರು ಬೂಟಿನಕ್ಕ. ಮೊಣಕಾಲಿನವರೆಗಿನ ರಬ್ಬರ್ ಬೂಟು ಹಾಕಿಕೊಂಡು ದಿನವೂ ಜೌಗು ಸುತ್ತುವ ಏಕೈಕ ಸಿಬ್ಬಂದಿ ಅವರು. ಇಪ್ಪತ್ತು ವರ್ಷದ ಅನುಭವ. ಸಂಜೆ ಹೊತ್ತಿಗೆ ನಿಗದಿಯಾದ ಆರು ಜಾಗಗಳಲ್ಲಿ ನಿಂತು ಕಿವಿಗೊಟ್ಟು, ಕೇಳಿದ್ದನ್ನು ಬರೆದುಕೊಂಡು ಬರುತ್ತಿದ್ದರು. ತೊಂದರೆ ಏನೆಂದರೆ, ಅವರು 'ತುಂಬಾ', 'ಸುಮಾರು', 'ಒಂದೆರಡು' ಎಂದು ಬರೆಯುತ್ತಿದ್ದರು. ಕಂಪ್ಯೂಟರಿಗೆ 'ತುಂಬಾ' ಅರ್ಥವಾಗುವುದಿಲ್ಲ. ಆ ಚೌಕ ಕೆಂಪಾಗಿ ಇಡೀ ಪಟ್ಟಿಯ ಮೊತ್ತವೇ ಬಾರದೆ ನಿಲ್ಲುತ್ತಿತ್ತು. ಸಂಖ್ಯೆ ಕೊಡಿ ಎಂದು ಎರಡು ಜ್ಞಾಪನಪತ್ರ ಕಳಿಸಿದೆ. ನೂರಾರು ಒಟ್ಟಿಗೇ ಕೂಗುವಾಗ ಎಣಿಸುವುದು ಹೇಗೆಂದು ಅವರು ಕೇಳಿದರು. ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ಕಾಲಂ ಅಳಿಸುವುದು ಸುಲಭವಾಗಿತ್ತು. ಅಳಿಸಿದ ಕೂಡಲೇ ಮೊತ್ತ ಬಂತು. ಅವತ್ತು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ತೊಂಬತ್ತೊಂದು ಬಂದ ವಾರವೇ ನಿರ್ದೇಶಕರು ನನ್ನನ್ನು ಕರೆಸಿದರು. ತೊಂಬತ್ತು ದಾಟಿದರೆ ನಿಯಮದ ಪ್ರಕಾರ ಗುರಿ ಸಾಧಿಸಿದಂತೆ ಲೆಕ್ಕ. ಗುರಿ ಸಾಧಿಸಿದ ಜೌಗಿಗೆ ಸಂರಕ್ಷಣೆ ಯಾಕೆ? ಒಂಬತ್ತು ದಿನದಲ್ಲಿ ಪರಿಶೀಲನಾಧಿಕಾರಿ ಬಂದು ಅಂಕ ಒಪ್ಪಿದರೆ ಸಂರಕ್ಷಿತ ಪ್ರದೇಶವೆಂಬ ಪಟ್ಟ ತೆಗೆಯಲಾಗುತ್ತದೆ. ಉತ್ತರದ ದಡಕ್ಕೆ ಮಣ್ಣು ತುಂಬಿ ಬಸ್ಸು ನಿಲ್ಲಿಸುವ ಜಾಗ ಮಾಡುತ್ತಾರೆ. ಬೂಟಿನಕ್ಕನ ಹುದ್ದೆ ರದ್ದಾಗುತ್ತದೆ. ನನಗೆ ಮುಖ್ಯ ಕಚೇರಿಗೆ ಬಡ್ತಿ. ಇನ್ನೂ ಹನ್ನೆರಡು ಜೌಗುಗಳಿಗೆ ಇದೇ ಪಟ್ಟಿ ಹಚ್ಚಬೇಕು.

ಇದನ್ನೆಲ್ಲ ಅವರು ಒಂದೇ ಉಸಿರಿನಲ್ಲಿ ಹೇಳಿದರು. ನನ್ನ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ.

ಬೂಟಿನಕ್ಕ ಮಾರನೆಯ ದಿನ ನನ್ನ ಕೋಣೆಗೆ ಬಂದರು. ಐದು ವರ್ಷದಲ್ಲಿ ಅವರು ಎರಡನೇ ಮಹಡಿಗೆ ಬಂದದ್ದು ಅದೇ ಮೊದಲು. ಬೂಟು ಬಾಗಿಲ ಹೊರಗೆ ಬಿಟ್ಟು, ಬರಿಗಾಲಲ್ಲಿ ಒಳಗೆ ಬಂದು, ಕುರ್ಚಿ ತೋರಿಸಿದರೂ ಕೂರಲಿಲ್ಲ. ಕೆಲಸ ಹೋಗುವ ಬೇಸರಕ್ಕೆ ಬಂದಿದ್ದಾರೆ ಎಂದುಕೊಂಡು ಸಮಾಧಾನದ ನಾಲ್ಕು ಮಾತು ಸಿದ್ಧ ಮಾಡಿಕೊಂಡೆ. ಅವರು ಹೇಳಿದ್ದು ಇಷ್ಟೇ:

"ಸಾರ್, ಜೌಗಲ್ಲಿ ಕಪ್ಪೆ ಇಲ್ಲ. ಹೋದ ವರ್ಷ ಒಂದೆರಡು ಇತ್ತು. ಈ ವರ್ಷ ಆರು ಜಾಗದಲ್ಲೂ ನಿಂತೆ. ಇಲ್ಲ."

ಅದಕ್ಕೆ ಆಧಾರ ಬೇಕಲ್ಲವೇ ಎಂದು ಕೇಳಿದೆ. ನಾನು ಆ ಪ್ರಶ್ನೆಯನ್ನು ಎಷ್ಟು ಗಂಭೀರವಾಗಿ ಕೇಳಿದೆ ಎಂದು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಇಲ್ಲದ್ದಕ್ಕೆ ಆಧಾರ ಎಲ್ಲಿಂದ ತರಲಿ, ಬೇಕಾದರೆ ಸಂಜೆ ಜೊತೆಗೆ ಬಂದು ನೀವೇ ಕೇಳಿ ಎಂದರು.

ಹೋದೆ. ಕೆಸರಿನ ಭಯಕ್ಕೆ ಕಲ್ಲಿನ ದಡದ ಮೇಲೇ ನಿಂತೆ. ಕತ್ತಲಾಗುವ ಮೊದಲೇ ನನ್ನ ಪಟ್ಟಿಯ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಹತ್ತು ನಿಮಿಷ ಕಿವಿಗೊಟ್ಟು ನಿಂತೆವು. ಎಡಗಡೆಯಿಂದ ಗುರುಗುರು ಸದ್ದು ಕೇಳಿಸಿತು. ನಾನು ಗೆದ್ದವನ ಹಾಗೆ ಕೈಯೆತ್ತಿ ತೋರಿಸಿ, ಪುಸ್ತಕ ತೆಗೆದು ಒಂದು ಗೆರೆ ಎಳೆದೆ.

"ಅದು ಆ ಮನೆಯವರ ನೀರಿನ ಪಂಪು, ಸಾರ್" ಎಂದರು ಬೂಟಿನಕ್ಕ. ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಬರುವ ದಾರಿಯಲ್ಲಿ ಅವರು ಮೆಲ್ಲಗೆ ಒಂದೊಂದೇ ಹೇಳುತ್ತಾ ಬಂದರು. ಕಪ್ಪೆ ಮೊಟ್ಟೆ ಇಡುವುದು ನಾವು ಲೋಡುಗಟ್ಟಲೆ ಕಿತ್ತು ಹಾಕಿದ ಆ ಕಳೆಯ ನಡುವೆ. ಮರಿಗಳು ನೀರಿನಿಂದ ಮೇಲೆ ಹತ್ತುವುದು ಇಳಿಜಾರು ಮಣ್ಣಿನ ದಡದಲ್ಲಿ. ಗೋಡೆಯ ಹಾಗೆ ಕಲ್ಲು ಕಟ್ಟಿದ ಮೇಲೆ ಹತ್ತಲು ಜಾಗವೇ ಇಲ್ಲ. ದೀಪ ಬಂದ ಮೇಲೆ ಅಳಿದುಳಿದವೂ ಬಾಯಿ ಬಿಡಲಿಲ್ಲ. ಕೆಲಸ ನಡೆಯುವಾಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ದರಂತೆ, ಮೂರು ಸಲ. ಷರಾ ಕಾಲಂನಲ್ಲಿ ಬರೆದೂ ಇದ್ದರಂತೆ. ಷರಾ ಕಾಲಂಗೆ ನನ್ನ ಪಟ್ಟಿಯಲ್ಲಿ ಅಂಕವಿರಲಿಲ್ಲ, ಹಾಗಾಗಿ ನಾನು ಅದನ್ನು ತೆರೆದೇ ನೋಡಿರಲಿಲ್ಲ.

ಇಷ್ಟು ಕೇಳಿದ ಮೇಲೆ ನನ್ನ ಕಣ್ಣು ತೆರೆಯಿತು ಎಂದು ಬರೆಯಲು ಆಸೆಯೇನೋ ಇದೆ. ತೆರೆಯಲಿಲ್ಲ. ಒಬ್ಬರ ಮಾತು ಅಂಕಿ ಅಂಶವಾಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಪರಿಶೀಲನೆಯ ಕಡತ ತುಂಬುವುದಕ್ಕೆ ಕೂತೆ. ಬಡ್ತಿ ಎಂಬುದು ಕಿವಿಯಲ್ಲಿ ಹತ್ತಿಯ ಹಾಗೆ ಕೂತಿತ್ತು. ಕಡತದಲ್ಲಿ ಒಂದೇ ಕೊರತೆ. ಸಾರ್ವಜನಿಕ ಸೌಹಾರ್ದಕ್ಕೆ ಸಾಕ್ಷಿಯಾಗಿ, ಹಿಂದೆ ದೂರು ಕೊಟ್ಟು ಈಗ ತೃಪ್ತರಾದವರ ಪತ್ರವೊಂದು ಬೇಕಿತ್ತು. ಅದಕ್ಕೆ ಪರದಾಡುವ ಅಗತ್ಯವೇ ಇರಲಿಲ್ಲ. ಜೌಗಿನ ಮೇಲೆ ಅತಿ ಹೆಚ್ಚು ದೂರು ಕೊಟ್ಟ ದಾಖಲೆ ಇರುವುದು ನನ್ನ ಅತ್ತೆಯ ಹೆಸರಿನಲ್ಲಿ.

ಅತ್ತೆ ನಮ್ಮ ಜೊತೆಯಲ್ಲೇ ಇರುವುದು. ಜೌಗಿನ ಕಡೆಗೆ ಕಿಟಕಿ ಇರುವ ಕೆಳಗಿನ ಕೋಣೆ ಅವರದು. ಮೂವತ್ತಮೂರು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದವರು. ನಾವು ಈ ಮನೆಗೆ ಬಂದ ಮೊದಲ ಮಳೆಗಾಲದಲ್ಲಿ, ಕಪ್ಪೆಗಳ ಗಲಾಟೆಗೆ ನಿದ್ದೆ ಬರುತ್ತಿಲ್ಲ ಎಂದು ಹದಿನೇಳು ದೂರು ಕೊಟ್ಟರು. ಅಳಿಯ ಅದೇ ಕಚೇರಿಯಲ್ಲಿದ್ದಾನೆ ಎಂಬ ದಾಕ್ಷಿಣ್ಯವಿಲ್ಲ. ಊಟಕ್ಕೆ ಕೂತಾಗ ನನ್ನ ಕೈಗೇ ಫಾರಂ ಕೊಟ್ಟು, ಸ್ವೀಕೃತಿಯ ಸಹಿ ಹಾಕಿಸಿಕೊಳ್ಳುತ್ತಿದ್ದರು. ಎರಡನೇ ವರ್ಷ ಹದಿನೈದು, ಆಮೇಲೆ ಎಂಟು, ಆಮೇಲೆ ಮೂರು. ಈ ವರ್ಷ ಒಂದೂ ಇಲ್ಲ. ಅತ್ತೆಗೆ ಕೊನೆಗೂ ನನ್ನ ಕೆಲಸದ ಮೇಲೆ ಗೌರವ ಬಂದಿದೆ ಎಂದು ನಾನು ಒಳಗೊಳಗೇ ಉಬ್ಬಿದ್ದೆ. ಹೆಂಡತಿಯ ಹತ್ತಿರ ಇದನ್ನು ಹೇಳಿಯೂ ಇದ್ದೆ. ಅವಳು, ಹಾಗಂತಲೇ ಅಂದುಕೊಳ್ಳಿ ಎಂದಿದ್ದಳು.

ಭಾನುವಾರ ಬೆಳಿಗ್ಗೆ ಅತ್ತೆ ಕಿಟಕಿಯ ಬಳಿ ಕೂತು ಬಟ್ಟೆ ಮಡಚುತ್ತಿದ್ದರು. ಪಕ್ಕದಲ್ಲಿ ಕೂತು, ಒಂದೆರಡು ಟವೆಲ್ ಮಡಚಿಕೊಟ್ಟು, ವಿಷಯಕ್ಕೆ ಬಂದೆ. ದೂರು ಬಗೆಹರಿದಿದೆ, ಕಚೇರಿಯ ಕ್ರಮದಿಂದ ತೃಪ್ತಿಯಾಗಿದೆ ಎಂದು ನಾಲ್ಕು ಸಾಲು ಬರೆದುಕೊಟ್ಟರೆ ಸಾಕು ಎಂದೆ.

"ನೀವೇನು ಕ್ರಮ ತಗೊಂಡ್ರಿ ಅಳಿಯಂದ್ರೇ?" ಎಂದರು.

ನಾನು ಇನ್ನೊಂದು ಟವೆಲ್ ಎತ್ತಿಕೊಂಡೆ. ಕ್ರಮ ಎಂಬುದೇನೂ ಇರಲಿಲ್ಲ.

"ಬಗೆಹರೀಲಿಲ್ಲ, ನಿಂತುಹೋಯ್ತು" ಎಂದರು ಅತ್ತೆ. "ಎರಡೂ ಒಂದೇ ಅಲ್ಲ. ವಾರ್ಡಲ್ಲಿ ಮಗು ಅಳು ನಿಲ್ಸಿದ್ರೆ ನಾವು ಸದ್ಯ ನೆಮ್ಮದಿ ಆಯ್ತು ಅಂತ ಕೂರ್ತಿರ್ಲಿಲ್ಲ. ಎದ್ದು ಹೋಗಿ ನೋಡ್ತಿದ್ವಿ. ಹಾಲು ಕುಡಿದು ನಿಲ್ಸಿದ್ಯೋ, ಶಕ್ತಿ ಇಲ್ದೆ ನಿಲ್ಸಿದ್ಯೋ ಅಂತ. ಕಿಟಕಿ ತೆಗೆದು ಮಲಗಿದ್ರೂ ಈಗ ಒಂದೂ ಕೂಗಲ್ಲ. ನೀವು ಹೋಗಿ ನೋಡಿದ್ರಾ?"

ಟವೆಲ್ ಕೈಯಲ್ಲೇ ಇತ್ತು. ನಾಚಿಕೆಯಾಯಿತು. ಬಡ್ತಿ ಸಿಗಲಿರುವವನಿಗೆ ಆಗಬಾರದಷ್ಟು ನಾಚಿಕೆ. ದೂರು ಬಾರದ್ದಕ್ಕೆ ನಾನು ಹತ್ತಕ್ಕೆ ಹತ್ತು ಕೊಟ್ಟಿದ್ದೆ. ದೂರಲು ಏನೂ ಉಳಿದಿಲ್ಲದ್ದರಿಂದ ದೂರು ಬಂದಿರಲಿಲ್ಲ.

ಸೋಮವಾರ ಎಲ್ಲರಿಗಿಂತ ಮೊದಲೇ ಕಚೇರಿಗೆ ಹೋಗಿ ದೂರು ಪುಸ್ತಕ ತೆಗೆದೆ. ಇಷ್ಟು ವರ್ಷ ಅದರಲ್ಲಿ ಎಷ್ಟು ದೂರು ಎಂದು ಎಣಿಸಿದ್ದೆನೇ ಹೊರತು ಏನು ದೂರು ಎಂದು ಓದಿರಲಿಲ್ಲ. ಉಳಿದವರದ್ದು ಬೈಗುಳ. ಅತ್ತೆಯದ್ದು ಮಾತ್ರ ಬೇರೆ ಥರ. ತಾರೀಖು, ಗಂಟೆ, ನಿಮಿಷ, ಗಾಳಿ ಯಾವ ಕಡೆಯಿಂದ, ಮಳೆ ನಿಂತು ಎಷ್ಟು ಹೊತ್ತಾಗಿತ್ತು, ಎಲ್ಲ ಇತ್ತು. 'ದಪ್ಪ ದನಿಯವು ಒಂಬತ್ತು, ಸಣ್ಣ ದನಿಯವು ಇಪ್ಪತ್ತಕ್ಕೆ ಮೇಲೆ, ಟಕಟಕ ಎನ್ನುವವು ನಾಲ್ಕು' ಎಂದು ಬೇರೆ ಬೇರೆ ಬರೆದಿದ್ದರು. ವಾರ್ಡಿನ ತುಂಬ ಮಕ್ಕಳು ಒಟ್ಟಿಗೆ ಅಳುವಾಗ ಯಾವ ತೊಟ್ಟಿಲಿನದು ಯಾವ ಅಳು ಎಂದು ಬಿಡಿಸಿ ಕೇಳಿ ಬಂದ ಕಿವಿ ಅದು. ಯಾರಿಂದಲೂ ಎಣಿಸಲಾಗದು ಎಂದು ನಾನು ಅಳಿಸಿ ಹಾಕಿದ ಕಾಲಂ ಊಟದ ಮೇಜಿನ ಮೇಲೆ ನಲವತ್ತಮೂರು ಸಲ ನನ್ನ ಕೈಗೆ ಬಂದಿತ್ತು. ಪ್ರತಿ ಸಲವೂ ಸಹಿ ಹಾಕಿ ತೆಗೆದುಕೊಂಡಿದ್ದೆ.

ಬೂಟಿನಕ್ಕನ ಹಳೆಯ ಪುಸ್ತಕಗಳನ್ನೂ ತರಿಸಿಕೊಂಡೆ. ಅತ್ತೆ ಮೂವತ್ತಕ್ಕೆ ಮೇಲೆ ಎಂದ ದಿನ ಅಕ್ಕ 'ತುಂಬಾ' ಎಂದಿದ್ದರು. ಅತ್ತೆ ಹನ್ನೊಂದು ಎಂದ ದಿನ ಇವರು 'ಸುಮಾರು'. ಒಬ್ಬರ ಮುಖ ಇನ್ನೊಬ್ಬರು ನೋಡಿದವರಲ್ಲ. ವರ್ಷದಿಂದ ವರ್ಷಕ್ಕೆ ಆ ಎಣಿಕೆ ಇಳಿಯುತ್ತಾ ಬಂದಿತ್ತು, ನನ್ನ ಅಂಕ ಏರುತ್ತಾ ಬಂದಿತ್ತು. ಎರಡನ್ನೂ ಒಂದೇ ಹಾಳೆಯಲ್ಲಿ ಗೀಚಿ ನೋಡಿದೆ. ಐದು ವರ್ಷದಲ್ಲಿ ಕಿಟಕಿಯ ಪರದೆ ಸರಿಸಿ ಹೊರಗೆ ನೋಡಿದ್ದು ಅವತ್ತೇ ಮೊದಲು. ಜೌಗು ತುಂಬ ಚೊಕ್ಕಟವಾಗಿತ್ತು. ಯಾರೂ ಇಳಿಯದ ಈಜುಕೊಳದ ಹಾಗೆ ಕಾಣುತ್ತಿತ್ತು.

ಪರಿಶೀಲನೆಯ ದಿನ ಸಭೆಯಲ್ಲಿ ಐದೇ ಜನ. ಪರಿಶೀಲನಾಧಿಕಾರಿ ಸಣ್ಣ ದನಿಯ ಹೆಂಗಸು, ಪೆನ್ಸಿಲಿನಲ್ಲಿ ಬರೆಯುವವರು. ನಿರ್ದೇಶಕರು ತೊಂಬತ್ತೊಂದನ್ನು ಹೊಗಳಿ, ವಿವರಿಸು ಎಂದು ನನಗೆ ಕೈ ತೋರಿಸಿದರು. ಸುಮ್ಮನೆ ಓದಿ ಕೂತಿದ್ದರೆ ಮುಂದಿನ ತಿಂಗಳು ನಾನು ಮುಖ್ಯ ಕಚೇರಿಯಲ್ಲಿರುತ್ತಿದ್ದೆ. ಧೈರ್ಯದಿಂದ ಎದ್ದು ನಿಂತೆ ಎಂದೇನೂ ಅಲ್ಲ. ಬಾಗಿಲ ಹೊರಗೆ ಕಾದು ನಿಂತಿದ್ದ ಬೂಟಿನಕ್ಕನ ಬೂಟು ಕಾಣುತ್ತಿತ್ತು, ಮನೆಗೆ ಹೋದರೆ ಅತ್ತೆ ಏನಾಯಿತೆಂದು ಕೇಳುತ್ತಿದ್ದರು. ಇವರಿಬ್ಬರಿಗೆ ಉತ್ತರ ಕೊಡುವುದಕ್ಕಿಂತ ನಿರ್ದೇಶಕರಿಗೆ ಕೊಡುವುದು ಸುಲಭ ಅನ್ನಿಸಿತು.

ಈ ಅಂಕ ತಪ್ಪು ಎಂದೆ. ಪಟ್ಟಿ ಮಾಡಿದವನು ನಾನೇ, ತಪ್ಪೂ ನನ್ನದೇ. ನಾವು ಮಾಡಿದ ಕೆಲಸವನ್ನೆಲ್ಲ ಅಳೆದೆ, ಆ ಕೆಲಸದಿಂದ ಕಪ್ಪೆಗೆ ಏನಾಯಿತು ಎಂದು ಅಳೆಯಲಿಲ್ಲ, ಎಂದು ಹೇಳಿ ಹಾಳೆ ಮುಂದಿಟ್ಟೆ. ನಿರ್ದೇಶಕರ ಮುಖ ಕೆಂಪಾದದ್ದು ನನ್ನ ಪಟ್ಟಿಯ ಚೌಕ ಕೆಂಪಾಗುತ್ತಿದ್ದ ಹಾಗೆಯೇ ಇತ್ತು. ಪರಿಶೀಲನಾಧಿಕಾರಿ ಹಾಳೆಯನ್ನು ಬಹಳ ಹೊತ್ತು ನೋಡಿ, ಕಪ್ಪೆಯ ಈ ಸಂಖ್ಯೆಗಳನ್ನು ಕೊಟ್ಟ ತಜ್ಞರು ಯಾರು ಎಂದು ಕೇಳಿದರು.

"ನಮ್ಮತ್ತೆ" ಎಂದೆ.

ನಿರ್ದೇಶಕರು ಕೆಮ್ಮಿದರು. ಉಳಿದ ಇಬ್ಬರು ಮೇಜಿನ ಕೆಳಗೆ ಏನನ್ನೋ ಹುಡುಕಿದರು. ಪರಿಶೀಲನಾಧಿಕಾರಿ ಮಾತ್ರ ನಗದೆ, ಪೆನ್ಸಿಲ್ ತೆಗೆದುಕೊಂಡು 'ಅತ್ತೆ' ಎಂದು ಬರೆದುಕೊಂಡರು. ಬೂಟಿನಕ್ಕನನ್ನು ಒಳಗೆ ಕರೆಸಿ, ಅವರ ಹತ್ತಿರವೇ ಮುಕ್ಕಾಲು ಗಂಟೆ ಮಾತಾಡಿದರು. ಕಪ್ಪೆಯ ಕಾಲಂ ಸೇರಿಸಿ, ಕಲ್ಲು, ಕಳೆ, ದೀಪ, ದೂರುಗಳಿಗೆ ಕೊಟ್ಟ ಅಂಕ ತೆಗೆದರೆ ಮೊತ್ತ ಎಷ್ಟಾಗುತ್ತದೆ ಎಂದು ಕೊನೆಯಲ್ಲಿ ಕೇಳಿದರು. ಅಲ್ಲೇ ಲೆಕ್ಕ ಹಾಕಿ ಹೇಳಿದೆ. ಮೂವತ್ತೊಂದು. ಶುರುವಿನಲ್ಲಿ ಇದ್ದದ್ದಕ್ಕಿಂತ ಏಳು ಕಡಿಮೆ.

ಸಂರಕ್ಷಣೆಯನ್ನು ಇನ್ನೂ ಮೂರು ವರ್ಷ ಮುಂದುವರಿಸಿದರು. ಕಲ್ಲಿನ ದಡವನ್ನು ಮೂರು ಕಡೆ ಒಡೆದು ಮಣ್ಣಿನ ಇಳಿಜಾರು ಮಾಡಬೇಕು, ಉತ್ತರದ ದೀಪ ಆರಿಸಬೇಕು, ಕಳೆಗೆ ಕೈ ಹಚ್ಚಬಾರದು ಎಂದು ಆದೇಶ ಬಂತು. ಬೂಟಿನಕ್ಕನ ಹುದ್ದೆ ಉಳಿಯಿತು. ನನ್ನ ಬಡ್ತಿ ಹೋಯಿತು. ಗೇಟಿನ ಬೋರ್ಡಿನಲ್ಲಿ ಮೂವತ್ತೊಂದು ಎಂದು ಬರೆಸಬೇಕಾಯಿತು. ಅದರ ಕೆಳಗೆ ನಿಯಮದಂತೆ ನನ್ನ ಸಹಿ. ವಾಕಿಂಗ್ ಬರುವವರು ನನ್ನನ್ನು ಕಂಡರೆ, ಏನ್ಸಾರ್, ಫೇಲಾ ಎಂದು ಕಾಲೆಳೆಯುತ್ತಾರೆ. ಅಪ್ಪ ಅಂಕಪಟ್ಟಿ ನೋಡುತ್ತಿದ್ದಾಗ ನಿಲ್ಲುತ್ತಿದ್ದ ಹಾಗೆ ನಿಂತು, ಪಾಸಾಗ್ತೀವಿ ಎನ್ನುತ್ತೇನೆ.

ಮೊದಲ ಮಳೆಗಾಲ ಸುಮ್ಮನೆ ಕಳೆಯಿತು. ಬೂಟಿನಕ್ಕನ ಮಾತುಗಳನ್ನು ಕಂಪ್ಯೂಟರ್ ಒಪ್ಪಿಕೊಳ್ಳುವಂತೆ ಈಗ ಪಟ್ಟಿ ಬದಲಿಸಿದ್ದೆ. ವಾರವಾರವೂ ಅವರು ಬರೆದದ್ದು ಒಂದೇ ಮಾತು, 'ಇಲ್ಲ'. ಮನೆಯಲ್ಲಿ ಅತ್ತೆಯ ಕಿಟಕಿ ತೆರೆದೇ ಇರುತ್ತಿತ್ತು. ಬೆಳಿಗ್ಗೆ ಕಾಫಿ ಕೊಡುವ ನೆಪದಲ್ಲಿ ಹೋಗಿ, ನಿದ್ದೆ ಬಂತಾ ಎಂದು ಕೇಳುತ್ತಿದ್ದೆ. ಚೆನ್ನಾಗಿ ಬಂತು ಎನ್ನುತ್ತಿದ್ದರು. ಅತ್ತೆಗೆ ಒಳ್ಳೆಯ ನಿದ್ದೆ ಬಂದದ್ದಕ್ಕೆ ಅಷ್ಟು ಸಂಕಟಪಟ್ಟ ಅಳಿಯ ಇನ್ನೊಬ್ಬ ಇರಲಾರ.

ಎರಡನೇ ಮಳೆಗಾಲದ ಒಂದು ಬೆಳಿಗ್ಗೆ ತಿಂಡಿಗೆ ಕೂತಾಗ ಅತ್ತೆ ನನ್ನ ತಟ್ಟೆಯ ಪಕ್ಕ ಒಂದು ಫಾರಂ ಇಟ್ಟರು. ಯಾವಾಗಲೋ ಉಳಿಸಿಟ್ಟುಕೊಂಡಿದ್ದ ಹಳೆಯ ಫಾರಂ, ಅಂಚು ಹಳದಿಯಾಗಿತ್ತು. ಕೈ ಒರೆಸಿಕೊಂಡು ಓದಿದೆ. ನಿನ್ನೆ ಸಂಜೆ ಏಳು ಇಪ್ಪತ್ತು, ಮಳೆ ನಿಂತು ಅರ್ಧ ಗಂಟೆ, ಗಾಳಿ ಉತ್ತರದಿಂದ. ದಪ್ಪ ದನಿಯದು, ಒಂದು.

ಒಂದು. ನನಗೆ ಎದ್ದು ಕುಣಿಯಬೇಕೆನ್ನಿಸಿತು. ಹುಟ್ಟುಗುಣ, ಆ ಕ್ಷಣದಲ್ಲೂ ತಲೆ ಲೆಕ್ಕ ಹಾಕಿತು. ಸೊನ್ನೆಯಿಂದ ಒಂದಾದರೆ ಒಂದೂವರೆ ಅಂಕ, ಒಟ್ಟು ಮೂವತ್ತೆರಡೂವರೆ. ಹೆಂಡತಿಗೆ ಅದನ್ನು ಹೇಳಿಯೂ ಬಿಟ್ಟೆ. ಅವಳು, ಕೆಳಗೆ ಇನ್ನೊಂದು ಸಾಲಿದೆ, ಅದನ್ನೂ ಓದಿ ಎಂದಳು.

'ಒಂದೇ ಕಪ್ಪೆ ಎರಡು ಗಂಟೆ ಹೊತ್ತು ಕೂಗಿತು. ಎಲ್ಲಿಂದಲೂ ಉತ್ತರ ಬರಲಿಲ್ಲ. ನನಗೆ ನಿದ್ದೆ ಬರಲಿಲ್ಲ. ದಯವಿಟ್ಟು ಕ್ರಮ ಕೈಗೊಳ್ಳಿ.'

ಅತ್ತೆ ಪೆನ್ನು ಮುಂದೆ ಹಿಡಿದರು. ಸ್ವೀಕರಿಸಿದ್ದೇನೆ ಎಂದು ಸಹಿ ಹಾಕಿದೆ. ಕಚೇರಿಗೆ ಹೋಗಿ ಪುಸ್ತಕದಲ್ಲಿ ದೂರು ಸಂಖ್ಯೆ ಒಂದು ಎಂದು ಬರೆದೆ. ಈಗ ಸಂಜೆ ಬೂಟಿನಕ್ಕನ ಹಳೆಯ ಜೋಡಿ ಹಾಕಿಕೊಂಡು ಅವರ ಹಿಂದೆ ನಾನೂ ಕೆಸರಿಗಿಳಿಯುತ್ತೇನೆ. ಪಂಪಿನ ಸದ್ದು ಯಾವುದು, ಕಪ್ಪೆಯದು ಯಾವುದು ಎಂದು ಈಗ ಗೊತ್ತಾಗುತ್ತದೆ. ಅದು ಇನ್ನೂ ಒಂದೇ ಕೂಗುತ್ತಿದೆ. ಅದಕ್ಕೊಂದು ಉತ್ತರ ಕೇಳಿಸುವವರೆಗೆ ಪುಸ್ತಕದಲ್ಲಿ 'ಕೈಗೊಂಡ ಕ್ರಮ' ಎಂಬ ಜಾಗವನ್ನು ಖಾಲಿ ಬಿಟ್ಟಿದ್ದೇನೆ.